ಇವತ್ತಿನ ಸರದಿ ನಿಮ್ಮದಲ್ಲ

ಸಂಬಳ ತೆಗೆದುಕೊಂಡು ಸುಮ್ಮನೆ ನಿಲ್ಲುವ ಕೆಲಸವೊಂದು ಈ ಭೂಮಿಯ ಮೇಲೆ ಇದೆ ಎಂದು ನನಗೆ ಗೊತ್ತಾದದ್ದು ಸಿಡ್ನಿಯಲ್ಲಿ. ಎರಡು ಸಾವಿರದ ಐದೋ ಆರೋ ಇಸವಿ. ಮರಳಿನ ಗುಂಡಿಯೊಳಗೆ ಇಬ್ಬರು ಹುಡುಗರು ಒಂದು ಕೆಂಪು ಬಕೆಟ್ಟಿಗಾಗಿ ಒಬ್ಬರ ಕೂದಲನ್ನು ಇನ್ನೊಬ್ಬರು ಹಿಡಿದು ಹೊರಳಾಡುತ್ತಿದ್ದರು. ಅವರಿಂದ ಸ್ವಲ್ಪವೇ ದೂರದಲ್ಲಿ ಏಪ್ರನ್ ಕಟ್ಟಿಕೊಂಡ ಜಪಾನಿ ಟೀಚರಮ್ಮ ನಿಂತಿದ್ದರು. ಒಂದು ಕೈಯ ಮೇಲೆ ಇನ್ನೊಂದು ಕೈ. ಮುಖದಲ್ಲಿ ಒಲೆಯ ಮೇಲೆ ಹಾಲಿಟ್ಟು ಉಕ್ಕುವುದನ್ನು ಕಾಯುವವರ ಗಮನ. ಬಿಡಿಸಲಿಲ್ಲ, ಬೈಯಲಿಲ್ಲ, ಕಡೆಗೆ ‘ಶ್ಶ್’ ಎಂದೂ ಅನ್ನಲಿಲ್ಲ. ಹಾಲು ಉಕ್ಕಿತು. ಒಬ್ಬ ಅತ್ತ. ಆಗಲೂ ಅವರು ನೋಡುತ್ತಲೇ ಇದ್ದರು. ಅಳುವವನ ಹತ್ತಿರ ಮೂರನೆಯ ಹುಡುಗಿಯೊಬ್ಬಳು ಬಂದು ಅವನ ತಲೆಯ ಮರಳು ಕೊಡವಿದಳು. ಟೀಚರಮ್ಮನ ಮುಖ ಅರಳಿತು, ಅವರೇ ಕೊಡವಿದ ಹಾಗೆ.

ಇದನ್ನೆಲ್ಲ ಬೇಲಿಯಾಚೆ ನಿಂತು ನೋಡುತ್ತಿದ್ದ ನಾನು, ನನ್ನ ನಾಲ್ಕು ವರ್ಷದ ಮಗಳನ್ನು ಅದೇ ಜಾಗಕ್ಕೆ ಸೇರಿಸಿ ಬಂದಿದ್ದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದನ್ನು ಮುಚ್ಚಿಟ್ಟವನಲ್ಲ, ಅದಕ್ಕಾಗಿ ತಲೆ ತಗ್ಗಿಸಿದವನೂ ಅಲ್ಲ. ಉಡುಪಿ ಕಡೆಯ ನಮ್ಮ ಮಾಸ್ತರರಿಗೆ ಜಗಳದ ನ್ಯಾಯ ತೀರಿಸಲು ಅರ್ಧ ನಿಮಿಷ ಸಾಕಾಗುತ್ತಿತ್ತು. ಯಾರು ಮೊದಲು ಹೊಡೆದದ್ದು ಎಂದು ಕೇಳುವರು, ಇಬ್ಬರೂ ಇನ್ನೊಬ್ಬನತ್ತ ಬೆರಳು ತೋರಿಸುವೆವು, ಇಬ್ಬರಿಗೂ ಬೀಳುವುದು. ಆಮೇಲೆ ಇಬ್ಬರೂ ಒಂದಾಗಿ ಮಾಸ್ತರರನ್ನು ಶಪಿಸುವೆವು. ಮಕ್ಕಳಲ್ಲಿ ಒಗ್ಗಟ್ಟು ಬೆಳೆಸಬೇಕಾದರೆ ಅದಕ್ಕಿಂತ ಸುಲಭದ ಕ್ರಮವನ್ನು ನಾನು ಇನ್ನೂ ಕಂಡಿಲ್ಲ. ಶಾಲೆ ಬಿಟ್ಟ ಮೇಲೆ ಬೊಂಬಾಯಿಯ ಕ್ಯಾಂಟೀನಿನಲ್ಲಿ ಮೇಜು ಒರೆಸಿದೆ, ಹಡಗಿನಲ್ಲಿ ಅಡುಗೆ ಮಾಡಿದೆ, ಕೊನೆಗೆ ಸಿಡ್ನಿಯ ಉತ್ತರ ಭಾಗದ ಒಂದು ಜಪಾನಿ ಹೋಟೆಲಿನ ಅಡುಗೆಮನೆಯಲ್ಲಿ ನೆಲೆ ನಿಂತೆ. ಕಡಲ ಬದಿಯವನಿಗೆ ಮೀನು ಹೊಸದಲ್ಲ. ಅದನ್ನು ಬೇಯಿಸದೆ ಬಡಿಸುವುದೊಂದೇ ಹೊಸದು.

ಮನೆ ಮಾತ್ರ ಸಿಡ್ನಿಯ ಪಶ್ಚಿಮದ ಕಡೆಯ ಬ್ಲ್ಯಾಕ್‌ಟೌನಿನಲ್ಲಿ. ಅಲ್ಲಿ ನಮ್ಮ ಕನ್ನಡದವರು ಬೇಕಾದಷ್ಟು ಇದ್ದರು, ಬೇಡವಾದಷ್ಟೂ ಇದ್ದರು. ಶನಿವಾರ ಯಾರಾದರೂ ಒಬ್ಬರ ಮನೆಯಲ್ಲಿ ಸೇರುವುದು. ಗಂಡಸರು ಮಾರ್ಟ್‌ಗೇಜ್ ಮಾತಾಡುವುದು. ಹೆಂಗಸರು ಯಾರಿಗೆ ಪಿಆರ್, ಅಂದರೆ ಆ ದೇಶದಲ್ಲೇ ನೆಲೆಸುವ ಪರವಾನಗಿ, ಬಂತು, ಯಾರಿಗೆ ಬರಲಿಲ್ಲ ಎಂದು ತೂಗುವುದು. ಗಣೇಶನ ಹಬ್ಬಕ್ಕೆ ನನಗೆ ಮೊದಲ ಆಮಂತ್ರಣ. ಹೋದ ಕೂಡಲೇ ಕೈಗೆ ಸೌಟು. “ನೀವಿದ್ರೆ ನಮ್ಗೆ ಟೆನ್ಷನ್ನೇ ಇಲ್ಲ ಬಿಡಿ ಸರ್” ಅನ್ನುವರು. ಆ ‘ಸರ್’ ಸೌಟಿನ ಜೊತೆಗೆ ಉಚಿತವಾಗಿ ಬರುವಂಥದ್ದು.

ಈ ಸಭೆಗಳಲ್ಲಿ ಒಂದು ಪದ್ಧತಿಯಿತ್ತು. ಊಟಕ್ಕೆ ಮುಂಚೆ ಮಕ್ಕಳ ಪ್ರದರ್ಶನ. ಕಂಪ್ಯೂಟರ್ ಕೆಲಸದ ಬೆಂಗಳೂರಿನ ಗೆಳೆಯರೊಬ್ಬರ ಮೂರು ವರ್ಷದ ಮಗ ಸೋಫಾದ ಮೇಲೆ ನಿಂತು ದೇಶಗಳ ರಾಜಧಾನಿಗಳನ್ನು ಒಪ್ಪಿಸುತ್ತಿದ್ದ. ಮಧ್ಯೆ ತಡವರಿಸಿದರೆ ತಂದೆಯೇ ಮೆಲ್ಲಗೆ ಬಾಯಿ ಆಡಿಸುತ್ತಿದ್ದರು, ಅದರಿಂದಲೂ ಆಗದಿದ್ದರೆ ತಂದೆಯೇ ಹೇಳಿಬಿಡುತ್ತಿದ್ದರು, ಚಪ್ಪಾಳೆ ಮಗನಿಗೆ. ನಂತರ ಎಲ್ಲರೂ ನಮ್ಮ ಮಗಳ ಕಡೆ ತಿರುಗುವರು.

“ಏನ್ ಪುಟ್ಟಿ, ಅಂಕಲ್‌ಗೆ ಒಂದ್ ರೈಮ್ಸ್ ಹೇಳು ನೋಡೋಣ.”

ಮಗಳು ಅಮ್ಮನ ಚೂಡಿದಾರದ ಹಿಂದೆ.

“ಮನೆಯಲ್ಲಿ ಭಾರೀ ಮಾತಾಡ್ತಾಳೆ” ಎಂದು ನಾನು ಹೇಳುವೆ.

“ಹೌದಾ?” ಎಂದು ಅವರು ಹೇಳುವರು. ಆ ‘ಹೌದಾ’ ಎಷ್ಟು ಉದ್ದ ಇರುತ್ತಿತ್ತೆಂದರೆ ಅದರ ಮೇಲೆ ಬಟ್ಟೆ ಒಣಹಾಕಬಹುದಿತ್ತು. ಒಂದು ಸಲ ಅವರ ಹೆಂಡತಿ ಮೊಸರನ್ನ ಬಡಿಸುತ್ತಾ ಮೆಲ್ಲಗೆ ಕೇಳಿದರು: “ಡಾಕ್ಟರ್‌ಗೆ ತೋರ್ಸಿದೀರಾ? ಅಲ್ಲ, ತಪ್ಪು ತಿಳ್ಕೋಬೇಡಿ.”

ತಪ್ಪು ತಿಳಿದುಕೊಳ್ಳಲಿಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ. ಮಗಳು ಮನೆಯೊಳಗೆ ತುಳು, ಕನ್ನಡ ಎರಡರಲ್ಲೂ ಬಾಯಿಗೆ ಬಿಡುವಿಲ್ಲದೆ ಮಾತಾಡುತ್ತಿದ್ದಳು. ನಲ್ಲಿಗೂ ಬುದ್ಧಿ ಹೇಳುತ್ತಿದ್ದಳು. ಹೊಸಲು ದಾಟಿದರೆ ಮುಗಿಯಿತು. ಅಂಗಡಿಯವನ ಹತ್ತಿರ ಇಲ್ಲ, ಪಾರ್ಕಿನ ಮಕ್ಕಳ ಹತ್ತಿರ ಇಲ್ಲ. ಮೊದಲು ಕಳಿಸಿದ ಚೈಲ್ಡ್‌ಕೇರಿನಲ್ಲಿ ತಿಂಗಳುಗಟ್ಟಲೆ ಒಂದು ಶಬ್ದವೂ ಆಡಲಿಲ್ಲ. ಬರುವ ವರ್ಷ ದೊಡ್ಡ ಶಾಲೆಗೆ ಸೇರಬೇಕು. ವಿಚಾರಿಸಲು ಹೋದಾಗ ಅಲ್ಲಿಯ ಹೆಂಗಸು ನಗುತ್ತಾ, ತೀರಾ ಸಿಹಿಯಾಗಿ ಹೇಳಿದರು: ಅಷ್ಟರೊಳಗೆ ಮಾತಾಡಲು ಶುರುಮಾಡದಿದ್ದರೆ ಅವಳನ್ನು ಬೇರೆಯದೇ ಗುಂಪಿನಲ್ಲಿ ಕೂರಿಸಬೇಕಾಗುತ್ತದೆ, ಅಥವಾ ಇನ್ನೊಂದು ವರ್ಷ ಕಾಯಿಸಬೇಕಾಗುತ್ತದೆ. ಓದು ಬಿಟ್ಟ ಅಪ್ಪನ ಮಗಳನ್ನು ಓದು ಶುರುವಾಗುವ ಮೊದಲೇ ಬದಿಗೆ ಕೂರಿಸುವುದು! ಆ ದಿನ ನಾನು ಊಟ ಮಾಡಲಿಲ್ಲ.

ಹೋಟೆಲಿನ ಯಜಮಾನನ ಹೆಂಡತಿ ದಾರಿ ತೋರಿಸಿದರು. ಹೋಟೆಲಿನ ಹತ್ತಿರದಲ್ಲೇ ಜಪಾನಿನವರು ನಡೆಸುವ ಸಣ್ಣ ಕಿಂಡರ್‌ಗಾರ್ಟನ್. ಬೇರೆಯವರ ಮಕ್ಕಳನ್ನೂ ಸೇರಿಸಿಕೊಳ್ಳುತ್ತಿದ್ದರು. ಅರ್ಧ ಜಪಾನಿ, ಅರ್ಧ ಇಂಗ್ಲಿಷ್. ಬೆಳಿಗ್ಗೆ ನಾನು ಕೆಲಸಕ್ಕೆ ಹೋಗುವಾಗ ಬಿಡುವುದು, ಮಧ್ಯಾಹ್ನದ ಬಿಡುವಿನಲ್ಲಿ ಕರೆತರುವುದು. ಹೆಂಡತಿಗೆ ವೃದ್ಧಾಶ್ರಮದಲ್ಲಿ ಕೆಲಸ, ಬೆಳಿಗ್ಗೆ ಬೇಗನೆ ಹೋಗಬೇಕು. ಬೇರೆ ದಾರಿಯೂ ಇರಲಿಲ್ಲ.

ಬ್ಲ್ಯಾಕ್‌ಟೌನಿನ ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಏನ್ ಸರ್ ನೀವು, ಇಂಗ್ಲಿಷೇ ಬರ್ತಿಲ್ಲ ಅಂದ್ರೆ ಜಪಾನೀಸ್ ಸ್ಕೂಲಿಗೆ ಹಾಕಿದೀರಾ? ಎರಡು ಭಾಷೇಲಿ ಸುಮ್ನಿರೋದು ಸಾಲ್ದು ಅಂತ ನಾಲ್ಕರಲ್ಲಿ ಸುಮ್ನಿರ್ಲಿ ಅಂತಾನಾ?”

ಮೊದಲ ದಿನ ಗೇಟಿನಲ್ಲಿ ಆ ಟೀಚರಮ್ಮ, ಅವರನ್ನು ಮಕ್ಕಳು ಸೆನ್ಸೇ ಎಂದು ಕರೆಯುತ್ತಿದ್ದರು, ಒಂದೊಂದು ಮಗು ಬಂದಾಗಲೂ ಮೊಣಕಾಲೂರಿ, ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿದು, ತಲೆಬಾಗಿ ನಮಸ್ಕಾರ ಹೇಳುತ್ತಿದ್ದರು. ಮಕ್ಕಳು ತಿರುಗಿ ತಲೆಬಾಗುವುದು. ನನ್ನ ಮಗಳು ಬಾಗಲಿಲ್ಲ, ಬಾಯಿ ತೆರೆಯಲಿಲ್ಲ. ಸೆನ್ಸೇ ಕಾದರು. ಹಿಂದೆ ಸಾಲು ಬೆಳೆಯಿತು. ನಾನು ಮಗಳ ತಲೆಯನ್ನು ಹಿಂದಿನಿಂದ ಒತ್ತಿ ಬಗ್ಗಿಸಿ, “ಗುಡ್ ಮಾರ್ನಿಂಗ್” ಎಂದು ನಾನೇ ಹೇಳಿದೆ. ಸೆನ್ಸೇ ನನಗೆ ಬೇರೆಯಾಗಿ “ಗುಡ್ ಮಾರ್ನಿಂಗ್” ಹೇಳಿ, ಮತ್ತೆ ಮಗಳ ಕಡೆ ನೋಡಿ ಇನ್ನೂ ಸ್ವಲ್ಪ ಹೊತ್ತು ಕಾದರು. ನನ್ನದನ್ನು ಅವಳ ಖಾತೆಗೆ ಹಾಕಿಕೊಳ್ಳಲಿಲ್ಲ. ಎಂಥ ಮೊಂಡು ಹೆಂಗಸು ಎಂದುಕೊಂಡೆ.

ಅಲ್ಲಿ ದೊಡ್ಡ ತರಗತಿಯ ಮಕ್ಕಳು ಒಬ್ಬೊಬ್ಬರು ಒಂದೊಂದು ಸಣ್ಣ ಮಗುವನ್ನು ನೋಡಿಕೊಳ್ಳಬೇಕೆಂಬ ಕ್ರಮ. ಮಗಳ ಪಾಲಿಗೆ ಬಂದವಳು ಐದು ವರ್ಷದ ಒಬ್ಬ ಜಪಾನಿ ಹುಡುಗಿ. ಇಷ್ಟೇ ಎತ್ತರ, ಅಧಿಕಾರ ಮಾತ್ರ ತಾಲೂಕು ಕಚೇರಿಯದು. ಮಗಳ ಟೊಪ್ಪಿಯ ದಾರ ಕಟ್ಟುವಳು, ಶೂ ಬಿಚ್ಚಿ ಕಪಾಟಿಗೆ ಇಡಿಸುವಳು. ಒಂದು ದಿನ ಮಗಳ ಮೂಗು ಒರೆಸಿ, ಆ ಕಾಗದವನ್ನು ಒಂದು ಮಾತೂ ಆಡದೆ ನನ್ನ ಕೈಗೆ ಕೊಟ್ಟು ಹೋದಳು. ನಾನು ಬಾಗಿದೆ. ಅಷ್ಟರಲ್ಲಿ ಬಾಗುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ನನ್ನ ಸಿಟ್ಟು ಮೊದಲ ಸಲ ಉಕ್ಕಿದ್ದು ನೆಲದ ವಿಷಯದಲ್ಲಿ. ಸ್ವಲ್ಪ ಬೇಗನೆ ಹೋದ ಒಂದು ಮಧ್ಯಾಹ್ನ ಕಿಟಕಿಯಿಂದ ನೋಡುತ್ತೇನೆ: ಮಕ್ಕಳೆಲ್ಲ ಸಾಲಾಗಿ ಒದ್ದೆ ಬಟ್ಟೆಯ ಮೇಲೆ ಎರಡು ಕೈಯೂರಿ, ಸೊಂಟ ಮೇಲೆತ್ತಿ, ನೆಲ ಒರೆಸುತ್ತಾ ಕೋಣೆಯ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದಾರೆ. ಅವರ ಮಧ್ಯೆ ನನ್ನ ಮಗಳು. ನಾನು ಬೊಂಬಾಯಿಯಲ್ಲಿ ಮೇಜು ಒರೆಸಿದ್ದು ಇದಕ್ಕಾ? ಒಳಗೆ ನುಗ್ಗಿದೆ.

“ನನ್ನ ಮಗಳು ಇಲ್ಲಿಗೆ ನೆಲ ಒರೆಸಲಿಕ್ಕೆ ಬರುವುದಲ್ಲ” ಎಂದೆ. ನನ್ನ ಇಂಗ್ಲಿಷ್ ಅಡುಗೆಮನೆಯದು, ಅವರ ಇಂಗ್ಲಿಷೂ ಅಳೆದು ಸುರಿಯುವಂಥದ್ದು. ಹಾಗಾಗಿ ನಮ್ಮ ನಡುವೆ ಯಾವತ್ತೂ ಅರ್ಥ ತಪ್ಪಿದ್ದಿಲ್ಲ.

ಸೆನ್ಸೇ ಮೇಲೆದ್ದರು. ಅವರ ಕೈಯಲ್ಲೂ ಒದ್ದೆ ಬಟ್ಟೆ. ಮೊಣಕಾಲು ತೋಯ್ದಿತ್ತು. “ಇದು ಅವರ ಕೋಣೆ” ಎಂದರು. “ನನ್ನದು ಕೂಡ.”

ಮಗಳು ಆ ತುದಿಯಿಂದ ಈ ತುದಿಗೆ ಓಡಿಬಂದು, ನನ್ನ ಶೂಗೆ ಢಿಕ್ಕಿ ಹೊಡೆದು, ನಾನು ಶೂ ಹಾಕಿಕೊಂಡು ಒಳಗೆ ಬಂದಿರುವುದನ್ನು ದುರುಗುಟ್ಟಿ ನೋಡಿದಳು.

ಅದಾದ ಮೇಲೆ ಬಕೆಟ್ಟಿನ ಹುಡುಗ. ಅವನು ದುಂಡು ಮುಖದ ಗಟ್ಟಿಮುಟ್ಟು ಜಪಾನಿ ಹುಡುಗ, ಮರಳುಗುಂಡಿಯ ಕೆಂಪು ಬಕೆಟ್ಟು ತನ್ನ ಪಿತ್ರಾರ್ಜಿತ ಎಂದು ತಿಳಿದವನು. ಮಗಳ ಕೈಯಿಂದ ಅದನ್ನು ಕಿತ್ತುಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಸೆನ್ಸೇಯೂ ಕಂಡರು. ನಿಂತೇ ಇದ್ದರು.

“ನೀವು ಏನೂ ಮಾಡಲಿಲ್ಲ” ಎಂದೆ.

“ನೋಡುತ್ತಿದ್ದೆ” ಎಂದರು.

“ನಾನೂ ನೋಡುತ್ತಿದ್ದೆ. ನನಗೆ ಯಾರೂ ಸಂಬಳ ಕೊಡಲಿಲ್ಲ.”

ಅವರು ನಕ್ಕರು, ನಿಜವಾಗಿ ನಕ್ಕರು. “ನಾನು ಹೋದರೆ ಬಕೆಟ್ಟು ನಾನು ಕೊಟ್ಟದ್ದಾಗುತ್ತದೆ. ನಾನಿಲ್ಲದ ದಿನ ಮತ್ತೆ ಹೋಗುತ್ತದೆ. ರಕ್ತ ಬರುವುದಾದರೆ ಹೋಗುತ್ತೇನೆ.”

ಮನೆಗೆ ಬಂದು ಹೆಂಡತಿಗೆ ಹೇಳಿದೆ. “ರಕ್ತ ಬರ್ಬೇಕಂತೆ ಮಾರಾಯ್ತಿ, ಆಗ ಬರ್ತಾರಂತೆ. ಅದಕ್ಕೆ ಟೀಚರ್ ಎಂತಕ್ಕೆ, ಆಂಬ್ಯುಲೆನ್ಸ್ ಸಾಕಲ್ಲ?”

ಹೆಂಡತಿ ಬಟ್ಟೆ ಮಡಚುತ್ತಾ ಹೇಳಿದಳು: “ಮಗಳು ಅಲ್ಲಿಗೆ ಹೋಗ್ಲಿಕ್ಕೆ ಅಳುವುದಿಲ್ಲ. ಮೊದಲಿನ ಕಡೆ ದಿನಾ ಅಳ್ತಿದ್ಳು. ನಿಮಗೆ ಅದು ಕಾಣುವುದಿಲ್ಲವಾ?”

“ಅಳುವುದಿಲ್ಲ ಸರಿ. ಮಾತಾಡ್ತಾಳಾ?”

ಅವಳು ಮಡಚಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು.

ಆಗ ಬಂತು ಸರದಿ. ಅಲ್ಲಿ ದಿನಕ್ಕೊಂದು ಮಗು ಮುಂದಾಳು. ಕುತ್ತಿಗೆಗೆ ಬಟ್ಟೆಯ ಹೂವಿನ ಬಿಲ್ಲೆ ಹಾಕುತ್ತಾರೆ. ಊಟದ ಹೊತ್ತಿಗೆ ಎಲ್ಲರೂ ಡಬ್ಬಿ ತೆರೆದು ಕುಳಿತಿರುವಾಗ ಆ ಮಗು ಎದುರು ನಿಂತು, ಕೈ ಜೋಡಿಸಿ, ‘ಇತದಕಿಮಸ್’ ಎನ್ನಬೇಕು. ಉಣ್ಣುತ್ತೇವೆ, ಅನ್ನಕ್ಕೆ ನಮಸ್ಕಾರ ಎಂಬ ಹಾಗೆ ಅದರ ಅರ್ಥ. ಎಲ್ಲರೂ ಅದನ್ನೇ ತಿರುಗಿ ಕೂಗಿ ತಿನ್ನಲು ತೊಡಗುವುದು. ಅದುವರೆಗೆ ಒಂದು ಅಗುಳೂ ಯಾರ ಬಾಯಿಗೂ ಹೋಗುವಂತಿಲ್ಲ. ಸಣ್ಣವರ ಸರದಿ ಶುರುವಾಯಿತು. ಮಗಳ ಸರದಿ ತರಗತಿ ನೋಡಲು ತಂದೆತಾಯಿಯರನ್ನು ಕರೆಯುವ ದಿನವೇ ಬಿತ್ತು.

ಸೆನ್ಸೇಯ ಹತ್ತಿರ ಹೋಗಿ ಬೇಡಿಕೊಂಡೆ. ಬೇಡುವುದು ನನ್ನ ಜಾಯಮಾನವಲ್ಲ; ಆದರೂ. ಬೇರೆ ದಿನ ಮಾಡಿ ಎಂದೆ. ಸರದಿ ಸರದಿಯೇ ಎಂದರು. ಹಾಗಾದರೆ ಆ ದೊಡ್ಡ ಹುಡುಗಿ ಅವಳ ಪರವಾಗಿ ಹೇಳಲಿ ಎಂದೆ. “ಅದನ್ನು ಅವಳು ಕೇಳಿಕೊಂಡರೆ ಖಂಡಿತ” ಎಂದರು. “ಮಾತೇ ಆಡದವಳು ಹೇಗೆ ಕೇಳಿಕೊಳ್ಳುವುದು?” ಎಂದೆ. “ಕೇಳಲು ಬೇರೆ ದಾರಿಗಳೂ ಇವೆ” ಎಂದು ಹೇಳಿ, ಬೆನ್ನೇರಿದ್ದ ಒಂದು ಮಗುವನ್ನು ಹೊತ್ತುಕೊಂಡು ಹೋದರು. ಹೌದು, ಮಕ್ಕಳು ಅವರ ಬೆನ್ನು ಹತ್ತುತ್ತಿದ್ದರು. ನಮ್ಮ ಮಾಸ್ತರರ ಬೆನ್ನು ನಮಗೆ ಕಂಡರೇ ಪುಣ್ಯ, ಮುಖಕ್ಕಿಂತ ಅದು ಹಿತವಾಗಿತ್ತು.

ಮನೆಯಲ್ಲಿ ಅಭ್ಯಾಸ ಶುರು. ನಾನು, ಹೆಂಡತಿ, ಒಂದು ಗೊಂಬೆ, ಮೂವರು ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಜಪಾನಿ ಮಕ್ಕಳಾಗಿ ಕೂರುವುದು. ಮಗಳು ಎದುರು ನಿಂತು ‘ಇತದಕಿಮಸ್’ ಎಂದು ಛಾವಣಿ ಹಾರುವಂತೆ ಕೂಗುವುದು. ಹುರಿದ ಬಂಗುಡೆ ಮೀನಿಗೂ ಹೇಳಿದಳು, ಬಿಸ್ಕತ್ತಿಗೂ ಹೇಳಿದಳು, ನನ್ನ ಕೆಮ್ಮಿನ ಔಷಧಿಗೂ ಹೇಳಿಸಿದಳು. ಸಾಕಪ್ಪಾ, ಗೆದ್ದೆವು ಎಂದುಕೊಂಡೆ. ಬ್ಲ್ಯಾಕ್‌ಟೌನಿನ ಆ ಗೆಳೆಯರಿಗೆ ಫೋನ್ ಮಾಡಿ ಬೇರೆ ಹೇಳಿದೆ: “ನಮ್ಮವಳು ಲೀಡರ್ ಅಂತೆ ಈ ವಾರ.”

“ಗುಡ್ ಗುಡ್” ಎಂದರು. “ವೀಡಿಯೋ ಮಾಡ್ಕೊಳ್ಳಿ ಸರ್, ಪ್ರೂಫ್ ಇರ್ಲಿ.”

ಆ ದಿನ ನಾವಿಬ್ಬರೂ ರಜೆ ಹಾಕಿ ಹೋದೆವು. ಗೋಡೆಗೆ ಒರಗಿ ತಾಯಂದಿರ ಸಾಲು. ಎಲ್ಲರೂ ಮೆಲುದನಿಯ ಜಪಾನಿ ಹೆಂಗಸರು. ಇಸ್ತ್ರಿ ಹಾಕಿದ ಬಟ್ಟೆ, ಇಸ್ತ್ರಿ ಹಾಕಿದ ಮುಗುಳ್ನಗೆ. ಗಂಡಸು ಎಂದರೆ ನಾನೊಬ್ಬನೇ. ಮಗಳು ಹೂವಿನ ಬಿಲ್ಲೆ ಹಾಕಿಕೊಂಡು ಎದುರು ನಿಂತಳು. ಮಕ್ಕಳ ಮುಂದೆ ಡಬ್ಬಿಗಳು ತೆರೆದಿದ್ದವು. ಅನ್ನದ ಉಂಡೆ, ಮೊಟ್ಟೆಯ ಸುರುಳಿ, ಆಕ್ಟೋಪಸ್ಸಿನ ಆಕಾರಕ್ಕೆ ಕೊಯ್ದ ಸಾಸೇಜು. ಎಲ್ಲ ಕೈಗಳೂ ಜೋಡಿಸಿ ಸಿದ್ಧ.

ಮಗಳು ಕೈ ಜೋಡಿಸಿದಳು. ಬಾಯಿ ತೆರೆಯಲಿಲ್ಲ.

ಕಾದರು. ಸೆನ್ಸೇ ಮಕ್ಕಳ ಸಾಲಿನಲ್ಲೇ, ಮೊಣಕಾಲು ಮಡಚಿ, ತಮ್ಮ ಡಬ್ಬಿಯ ಮುಂದೆ ಕುಳಿತಿದ್ದರು. ಅದೇ ಮುಖ. ಹಾಲು ಕಾಯುವ ಮುಖ. ಒಬ್ಬ ಹುಡುಗ ಮೇಜಿನ ಮೇಲೆ ಗಲ್ಲ ಊರಿದ. ಒಬ್ಬಳ ಹೊಟ್ಟೆ ಗುರುಗುಟ್ಟಿದ್ದು ಗೋಡೆಯ ತನಕ ಕೇಳಿಸಿತು. ಯಾರೂ ಹೇಳಿಕೊಡಲಿಲ್ಲ, ಯಾರೂ ನಗಲಿಲ್ಲ, ಯಾರೂ ತಿನ್ನಲೂ ಇಲ್ಲ. ಮಗಳ ಕಿವಿ ಕೆಂಪಾಯಿತು. ನನ್ನ ಬೆನ್ನಿನಲ್ಲಿ ಬೆವರು ಇಳಿಯತೊಡಗಿತು. ಇಂಥ ಕಾಯುವಿಕೆಯನ್ನು ಯಾವ ಕನ್ನಡಿಗನ ಮನೆಯ ಶನಿವಾರವೂ ಸಹಿಸುವುದಿಲ್ಲ. ಅಷ್ಟರಲ್ಲಿ ಹತ್ತು ಮಂದಿ ಬಾಯಿ ಆಡಿಸಿ, ಹತ್ತು ಮಂದಿ ಚಪ್ಪಾಳೆ ತಟ್ಟಿ, ಊಟವೂ ಮುಗಿದಿರುತ್ತಿತ್ತು.

“ಹೇಳು ಮಗಾ” ಎಂದೆ, ಮೆಲ್ಲಗೆ.

ಹೆಂಡತಿ ನನ್ನ ಅಂಗಿ ಎಳೆದಳು. “ಸುಮ್ಮನಿರಿ.”

“ಮನೆಯಲ್ಲಿ ಹೇಳ್ತಿ ಅಲ್ವಾ! ಹೇಳು, ಇತ... ಇತದ...”

“ಸುಮ್ಮನಿರಿ ಅಂದೆ ನಾನು.”

ನನ್ನಿಂದಾಗಲಿಲ್ಲ. ಗೋಡೆಯಿಂದ ಒಂದು ಹೆಜ್ಜೆ ಮುಂದೆ ಬಂದು, ಎರಡು ಕೈ ಜೋಡಿಸಿ, ಹೋಟೆಲಿನಲ್ಲಿ ಆರ್ಡರ್ ಕೂಗುವ ಗಂಟಲಿನಲ್ಲಿ ಹೇಳಿಯೇಬಿಟ್ಟೆ: “ಇತದಕಿಮಸ್!”

ಸ್ಪಷ್ಟ ಉಚ್ಚಾರಣೆ. ಹೋಟೆಲಿನ ಯಜಮಾನನಿಂದ ಕಲಿತದ್ದು. ಒಂದೂ ತಪ್ಪಿರಲಿಲ್ಲ.

ಒಬ್ಬರೂ ತಿನ್ನಲಿಲ್ಲ.

ಹಸಿದ ಅಷ್ಟೂ ಮಕ್ಕಳು ತಲೆ ತಿರುಗಿಸಿ ನನ್ನನ್ನು ನೋಡಿದರು. ಬಾಯಲ್ಲಿ ನೀರು, ಕೈ ಜೋಡಿಸಿದ್ದು ಜೋಡಿಸಿದ ಹಾಗೆಯೇ. ಆ ಬಕೆಟ್ಟಿನ ಹುಡುಗ, ಕಿತ್ತುಕೊಳ್ಳುವುದನ್ನೇ ಕಸುಬು ಮಾಡಿಕೊಂಡವನು, ತನ್ನ ಡಬ್ಬಿಯ ಸಾಸೇಜಿನಿಂದ ಕಣ್ಣೆತ್ತಿ ನನಗೆ ಇಂಗ್ಲಿಷಿನಲ್ಲಿ, ತೀರಾ ಮರ್ಯಾದೆಯಿಂದ ಹೇಳಿದ:

“ಅಂಕಲ್, ಇವತ್ತಿನ ಸರದಿ ನಿಮ್ಮದಲ್ಲ.”

ತಾಯಂದಿರೆಲ್ಲ ಒಟ್ಟಿಗೆ ಬಾಯಿಗೆ ಕೈ ಅಡ್ಡ ಹಿಡಿದರು. ಅದೂ ಒಂದು ಶಿಸ್ತು. ನಾನು ಹಿಂದಕ್ಕೆ ಹೋಗಿ ಗೋಡೆಗೆ ಅಂಟಿಕೊಂಡೆ. ಹೆಂಡತಿ ನನ್ನ ಪರಿಚಯವೇ ಇಲ್ಲದವಳಂತೆ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಹುಡುಗ ಮತ್ತೆ ಮಗಳ ಕಡೆ ತಿರುಗಿದ. ಅವಳು ಅವನನ್ನು ನೋಡಿದಳು. ಆಮೇಲೆ ತನ್ನನ್ನು ನೋಡಿಕೊಳ್ಳುವ ದೊಡ್ಡ ಹುಡುಗಿಯನ್ನು ನೋಡಿದಳು. ಆ ಹುಡುಗಿ ಏಳಲಿಲ್ಲ, ಕೈ ಇನ್ನೂ ಗಟ್ಟಿಯಾಗಿ ಜೋಡಿಸಿದಳು, ಅಷ್ಟೇ. ಮಗಳ ತುಟಿ ಅಲುಗಿತು. ನಾನು ಆಣೆ ಮಾಡಿ ಹೇಳುತ್ತೇನೆ, ತುಟಿ ಅಲುಗಿತೇ ಹೊರತು ದನಿ ಬರಲಿಲ್ಲ. ಆದರೆ ಎಲ್ಲ ಮಕ್ಕಳೂ ಒಟ್ಟಿಗೆ “ಇತದಕಿಮಸ್!” ಎಂದು ಕೂಗಿ ಡಬ್ಬಿಗಳ ಮೇಲೆ ಬಿದ್ದರು. ಮಗಳು ಬಂದು ತನ್ನ ಜಾಗದಲ್ಲಿ ಕುಳಿತು, ನಾನು ಬೆಳಿಗ್ಗೆ ಕಟ್ಟಿಕೊಟ್ಟ ನೀರುದೋಸೆಯನ್ನು ಜಪಾನಿ ಊಟದ ಕಡ್ಡಿಗಳಲ್ಲಿ ಸುತ್ತಿ ತಿಂದಳು.

ಹೊರಡುವಾಗ ನಾನು ಸೆನ್ಸೇಯನ್ನು ಹಿಡಿದೆ. “ಅವಳು ಹೇಳಲಿಲ್ಲ. ದನಿಯೇ ಬರಲಿಲ್ಲ. ಮಕ್ಕಳು ಹಸಿವಿಗೆ ಸುಳ್ಳು ಹೇಳಿದರು.”

“ಅವರಿಗೆ ಕೇಳಿಸಿತು” ಎಂದರು.

“ನನಗೆ ಕೇಳಿಸಲಿಲ್ಲ.”

“ನೀವು ಆಗ ತಾನೇ ತುಂಬ ಗಟ್ಟಿಯಾಗಿ ಮಾತಾಡಿದ್ದಿರಿ” ಎಂದರು ಆ ಮೆಲುದನಿಯ ಹೆಂಗಸು.

ಬ್ಲ್ಯಾಕ್‌ಟೌನಿಗೆ ಹಿಂತಿರುಗುವ ಕಾರಿನಲ್ಲಿ ನಾನು ತೀರ್ಮಾನ ಹೇಳಿದೆ: “ಸಾಕು. ನಾಳೆಯಿಂದ ಬೇಡ. ಶಾಲೆ ಶುರುವಾಗ್ಲಿಕ್ಕೆ ಎಷ್ಟು ತಿಂಗಳು ಉಂಟು? ಇವರು ಕಾಯ್ತಾ ಕೂತ್ರೆ ನನ್ನ ಮಗಳು ಮದುವೆಯಲ್ಲಿ ಬಾಯಿ ಬಿಡ್ತಾಳೆ.”

ಹೆಂಡತಿ ಎಂದೂ ಜೋರು ಮಾಡುವವಳಲ್ಲ. “ಅವಳು ಹೇಳ್ಲಿಕ್ಕಿದ್ದದ್ದನ್ನು ನೀವು ಯಾವಾಗ ಅವಳಿಗೆ ಬಿಟ್ಟಿದ್ದೀರಿ ಹೇಳಿ. ಅಂಗಡಿಯಲ್ಲಿ ನೀವೇ. ಶನಿವಾರ ನೀವೇ. ಇವತ್ತೂ ನೀವೇ. ಮಗುವಿಗೆ ಜಾಗ ಎಲ್ಲುಂಟು?”

“ಹಾಗಾದ್ರೆ ತಪ್ಪು ನನ್ನದಾ?”

“ತಪ್ಪು ಒಪ್ಪು ಯಾರು ಮಾತಾಡಿದ್ರು? ಬಿಡಿಸುವುದು ಬೇಡ ಅಂದೆ. ಬೇಕಾದ್ರೆ ನಾನೇ ಬಸ್ಸು ರೈಲು ಹಿಡ್ದು ಕರ್ಕೊಂಡು ಹೋಗ್ತೇನೆ.”

ಹಿಂದಿನ ಸೀಟಿನಿಂದ ಮಗಳು ತುಳುವಿನಲ್ಲಿ, ಅಪ್ಪ ಇನ್ನು ಶಾಲೆಗೆ ಬರುವುದು ಬೇಡ ಎಂದಳು. ಬಿಡಿಸಬೇಕಾದದ್ದು ಯಾರನ್ನು ಎಂಬ ಬಗ್ಗೆ ಮನೆಯಲ್ಲಿ ಬಹುಮತ ಆಗಿಹೋಯಿತು. ಮಗಳು ಮುಂದುವರಿದಳು. ನಾನು ಗೇಟಿನವರೆಗೆ.

ಎರಡನೆಯ ಸರದಿ ಬಂದಾಗ ನಾನು ಹೋಟೆಲಿನಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದೆ. ಗಡಿಯಾರ ನೋಡಿ ನೋಡಿ ಹೋಳುಗಳು ಒಂದೊಂದು ಗಾತ್ರಕ್ಕಾದವು. ಯಜಮಾನ ಬಂದು ನೋಡಿ ಮೌನವಾಗಿ ಹೋದ. ಜಪಾನಿಯರ ಮೌನಕ್ಕೆ ನಮ್ಮ ಬೈಗುಳಕ್ಕಿಂತ ಖಾರ ಜಾಸ್ತಿ. ಕರೆತರಲು ಹೋದಾಗ ಸೆನ್ಸೇಯನ್ನು ಕೇಳಿದೆ: “ಹೇಳಿದಳಾ?”

“ಅವಳನ್ನೇ ಕೇಳಿ.”

ಮಗಳನ್ನು ಕೇಳಿದೆ. “ಹೇಳಿದೆ” ಎಂದಳು.

“ಗಟ್ಟಿಯಾಗಿ?”

“ಅವರಿಗೆ ಕೇಳುವಷ್ಟು.”

ಇದಕ್ಕೆ ಸಾಕ್ಷಿ ಏನು? ಬೇಲಿಯಾಚೆಯಿಂದ ಆಮೇಲೆ ಒಂದೆರಡು ಸಲ ಅವಳು ಆ ಹುಡುಗನೊಂದಿಗೆ ತಲೆಗೆ ತಲೆ ತಾಗಿಸಿ ಮರಳು ತೋಡುವುದು ಕಂಡೆ, ತುಟಿಗಳು ಅಲುಗುತ್ತಿದ್ದವು. ನಾನು ಹತ್ತಿರ ಹೋದರೆ ನಿಲ್ಲುತ್ತಿದ್ದವು. ಮನೆಯ ಹೊರಗೆ ದೊಡ್ಡವರೊಬ್ಬರ ಜೊತೆ ನನ್ನ ಮಗಳು ಮಾತಾಡಿದ್ದನ್ನು ನಾನು ನನ್ನ ಕಿವಿಯಿಂದ ಕೇಳದೆಯೇ ಸಿಡ್ನಿ ಬಿಟ್ಟೆ. ಮೆಲ್ಬರ್ನಿನ ಒಂದು ಹೋಟೆಲಿನಲ್ಲಿ ಮುಖ್ಯ ಅಡುಗೆಯವನ ಕೆಲಸ ಸಿಕ್ಕಿತ್ತು. ಅಲ್ಲಿ ನಾವು ಮನೆ ಹಿಡಿದ ವಿಂಡಮ್ ವೇಲ್‌ನಲ್ಲಿ ಆಗಿನ್ನೂ ರಸ್ತೆಗಳು ಮೊದಲು ಬಂದು ಮನೆಗಳು ಆಮೇಲೆ ಬರುತ್ತಿದ್ದ ಕಾಲ. ಕೊನೆಯ ದಿನ ಸೆನ್ಸೇ ಗೇಟಿನಲ್ಲಿ ಮೊಣಕಾಲೂರಿ ಮಗಳಿಗೆ ತಲೆಬಾಗಿದರು. ಮಗಳು ಬಾಗಿ, ಅವರ ಕಿವಿಯಲ್ಲಿ ಏನೋ ಹೇಳಿದಳು. ಏನು ಎಂದು ನಾನು ಕೇಳಲಿಲ್ಲ. ಕೇಳಿದ್ದರೂ ಇಬ್ಬರೂ ಒಂದೇ ಉತ್ತರ ಕೊಡುತ್ತಿದ್ದರು: ಕೇಳಬೇಕಾದವರಿಗೆ ಕೇಳಿಸಿದೆ.

ಮೆಲ್ಬರ್ನಿನ ಶಾಲೆಯಲ್ಲಿ, ಸೇರಿಸುವ ಮೊದಲು ಹೊಸ ಮಕ್ಕಳನ್ನು ಕರೆದು ಮಾತಾಡಿಸುವ ದಿನ. ನಾವು ಮೂವರು ಸಣ್ಣ ಕುರ್ಚಿಗಳ ಮೇಲೆ ಮಂಡಿ ಎದೆಗೆ ತಾಗಿಸಿಕೊಂಡು ಕುಳಿತಿದ್ದೆವು. ಟೀಚರ್ ಒಳ್ಳೆಯವರೇ, ಅದರಲ್ಲಿ ಸಂಶಯವಿಲ್ಲ; ಕಿವಿಯಲ್ಲಿ ಬಣ್ಣದ ಗಿಳಿಗಳು, ಬಾಯಲ್ಲಿ ಸಕ್ಕರೆ. ಎಲ್ಲ ಮಕ್ಕಳನ್ನೂ ಬಾಚಿ ತಬ್ಬಿಕೊಳ್ಳುವವರ ಹಾಗೆ ಕೈ ಚಾಚಿ ಬಂದರು.

“ಹಲೋ ಡಾರ್ಲಿಂಗ್! ಶಾಲೆಯಲ್ಲಿ ನಿನಗೆ ಏನು ಮಾಡೋಕೆ ತುಂಬ ಇಷ್ಟ?”

ನನ್ನ ನಾಲಿಗೆಯ ತುದಿಯಲ್ಲಿ ಮೂರು ಉತ್ತರಗಳಿದ್ದವು: ಬಣ್ಣ ಹಚ್ಚುವುದು, ಲೆಕ್ಕ, ಹಾಡು. ಹೆಂಡತಿಯ ಕೈ ನನ್ನ ಮೊಣಕಾಲಿನ ಮೇಲೆ ಬಂದು ಕುಳಿತಿತು, ಪ್ರೀತಿಯಿಂದಲ್ಲ. ನಾನು ಹಲ್ಲು ಕಚ್ಚಿದೆ. ಒಂದು ಕೈಯ ಮೇಲೆ ಇನ್ನೊಂದು ಕೈ ಇಟ್ಟೆ. ಅದು ಎಷ್ಟು ಬೆವರು ತರಿಸುವ ದುಡಿಮೆ ಎಂದು ಆಗ ತಿಳಿಯಿತು. ಹೆಂಚಿನ ಮುಂದೆ ಹಗಲಿಡೀ ನಿಂತದ್ದು ಅದರ ಮುಂದೆ ಆಟ.

ಮಗಳು ಟೀಚರ ಮುಖ ನೋಡುತ್ತಿದ್ದಳು. ತುಟಿ ಸೇರಿಸಿದಳು, ಬಿಡಿಸಿದಳು. ಬರುತ್ತಿತ್ತು, ಬರುತ್ತಿತ್ತು.

“ನಾಚಿಕೆಯ ಸ್ವಭಾವ ಅನ್ನಿಸುತ್ತೆ, ಪರವಾಗಿಲ್ಲ!” ಎಂದರು ಟೀಚರ್. ಇನ್ನೂ ನಾವು ಉಸಿರು ಬಿಟ್ಟಿರಲಿಲ್ಲ. “ಇಂಗ್ಲಿಷ್ ಸ್ವಲ್ಪ ಕಡಿಮೆ, ಅಲ್ಲವೇ? ಚಿಂತೆ ಬೇಡ, ನಮ್ಮಲ್ಲಿ ಅಂಥವರಿಗೆ ಬೇರೆ ಗುಂಪು ಇದೆ.” ನನ್ನ ಮೊಣಕಾಲಿನ ಮೇಲಿದ್ದ ಕೈ ಸಡಿಲವಾಯಿತು. ಟೀಚರ್ ಆಗಲೇ ಎದ್ದು, ಕೈ ಚಾಚಿಕೊಂಡು, ಮುಂದಿನ ಮಗುವಿನ ಕಡೆ ಹೊರಟಿದ್ದರು.

ಬೇರೆ ಗುಂಪು. ಒಂದು ವರ್ಷ ನನ್ನ ಊಟ ಕೆಡಿಸಿದ ಮಾತು ಊರು ಬಿಟ್ಟು ಊರಿಗೆ ಬಂದು ಕುರ್ಚಿ ಹಾಕಿಕೊಂಡು ಕುಳಿತಿತ್ತು. ನಾನು ಏಳಹೊರಟೆ, ಗಂಟಲು ಸರಿಮಾಡಿಕೊಂಡೆ.

ನನಗಿಂತ ಮೊದಲು ಮಗಳು ಎದ್ದಿದ್ದಳು. ನನ್ನನ್ನು ದಾಟಿ, ಮೇಜನ್ನು ಸುತ್ತಿ, ಟೀಚರ ಹಿಂದೆ ಹೋಗಿ ಅವರ ಅಂಗಿಯ ಅಂಚನ್ನು ಹಿಡಿದು ಎಳೆದಳು. ಅವರು ತಿರುಗಿ, ಎತ್ತರದಿಂದ ಕೆಳಗೆ ನೋಡಿದರು. ಅವರು ಬಗ್ಗಲಿ ಎಂದು ಮಗಳು ಕಾದಳು. ಬಗ್ಗುವ ತನಕ ಅಂಗಿ ಬಿಡಲಿಲ್ಲ. ಬಗ್ಗಿದ ಮೇಲೆ, ನಾನು ಕುಳಿತಲ್ಲಿಗೂ ಕೇಳುವ ಹಾಗೆ, ಇಂಗ್ಲಿಷಿನಲ್ಲಿ ಹೇಳಿದಳು:

“ನಾನಿನ್ನೂ ಹೇಳಿಯೇ ಇಲ್ಲ.”

ಗಿಳಿಗಳು ಕಿವಿಯಲ್ಲಿ ನೇತಾಡಿದವು. “ಓ... ಸರಿ, ಹೇಳು ಡಾರ್ಲಿಂಗ್” ಎಂದರು ಟೀಚರ್.

“ನೆಲ ಒರೆಸುವುದು” ಎಂದಳು ನನ್ನ ಮಗಳು.

ಟೀಚರ್ ತಲೆಯೆತ್ತಿ ನನ್ನ ಮುಖ ನೋಡಿದರು, ಇದೆಂಥ ಮನೆಯಿಂದ ಬಂದ ಮಗು ಎಂಬ ಹಾಗೆ. ವಿವರಿಸಬಹುದಿತ್ತು. ಸುಮ್ಮನೆ ಕುಳಿತೆ.